ಮಹಾಂತ ಜೋಳಿಗೆ: ಬದುಕನ್ನು ಮರಳಿ ಕೊಡುವ ಭಿಕ್ಷೆ

ಜಂಗಮರ ಜೋಳಿಗೆಯಲ್ಲಿ ಭಕ್ತರು ನೀಡಿದ ಧಾನ್ಯ, ಕಾಣಿಕೆಗಳು ದಾಸೋಹಕ್ಕೆ ಸಲ್ಲುವುದು ನಮ್ಮ ಪರಂಪರೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಅದೇ ಜೋಳಿಗೆಯನ್ನು ಬೇರೊಂದು ಭಿಕ್ಷೆಗಾಗಿ ಹಿಡಿದರು. ಊರೂರು, ಕೇರಿಕೇರಿ ಸಂಚರಿಸಿ ಜನರ ದುಶ್ಚಟಗಳನ್ನೇ ಬೇಡಿದರು. ಇದೇ ‘ಮಹಾಂತ ಜೋಳಿಗೆ’. ಪೂಜ್ಯರ ಜನ್ಮದಿನವಾದ ಆಗಸ್ಟ್ 1 ಅನ್ನು ರಾಜ್ಯದಲ್ಲಿ ‘ವ್ಯಸನಮುಕ್ತ ದಿನ’ವಾಗಿ ಆಚರಿಸಲಾಗುತ್ತಿದೆ.

ಈ ಭಿಕ್ಷೆಯ ಮರ್ಮವನ್ನು ನಾವು ಅರಿಯಬೇಕು. ಮನದೊಳಗೇ ಮಾಡಿಕೊಂಡ ಸಂಕಲ್ಪ ಮುರಿದರೆ ಯಾರಿಗೂ ತಿಳಿಯದು. ಗುರುವಿನ ಜೋಳಿಗೆಗೆ, ನೆರೆಹೊರೆಯವರ ಎದುರಿನಲ್ಲಿ ಹಾಕಿದ್ದನ್ನು ಮರಳಿ ತೆಗೆದುಕೊಳ್ಳುವುದು ಸುಲಭವಲ್ಲ. ಮೇಲಾಗಿ, ಅಲ್ಲಿ ವ್ಯಸನಿಯು ಅಪರಾಧಿಯಾಗಿ ನಿಲ್ಲುವುದಿಲ್ಲ, ದಾನಿಯಾಗಿ ನಿಲ್ಲುತ್ತಾನೆ. ಕಳೆದುಹೋದ ಆತ್ಮಗೌರವ ಅಲ್ಲಿಂದಲೇ ಚಿಗುರತೊಡಗುತ್ತದೆ.

ಚಟ ಬಿಟ್ಟ ಮೇಲೆ ತೆರವಾದ ಹೊತ್ತನ್ನು ತುಂಬಬೇಕು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವ ನಿತ್ಯಪೂಜೆ ಚಂಚಲ ಮನಸ್ಸನ್ನು ಹಿಡಿತಕ್ಕೆ ತರುತ್ತದೆ. ಕಾಯಕ ದಿನಕ್ಕೊಂದು ಕ್ರಮವನ್ನು ನೀಡುತ್ತದೆ. ದಾಸೋಹ ಒಂಟಿತನವನ್ನು ನೀಗುತ್ತದೆ.

ಒಂದು ಎಚ್ಚರಿಕೆಯ ಮಾತು. ಬಹುಕಾಲ ನಿತ್ಯವೂ ಹೆಚ್ಚು ಮದ್ಯ ಸೇವಿಸಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಫಿಟ್ಸ್ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ನೆರವಿನಿಂದಲೇ ಬಿಡಿಸಬೇಕು. ಆರ್‌ಪಿಸಿ ಲೇಔಟ್, ವಿಜಯನಗರ ಭಾಗದ ಸದ್ಭಕ್ತರು ನಗರದಲ್ಲಿಯೇ ಇರುವ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವನ್ನು ಕಾಣಬಹುದು. ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416 ಹಗಲಿರುಳೂ ಲಭ್ಯವಿದೆ. ಔಷಧೋಪಚಾರ ಪಡೆಯುವುದು ಭಕ್ತಿಯ ಕೊರತೆಯಲ್ಲ. ಶಿವನಿತ್ತ ಕಾಯವನ್ನು ಕಾಪಾಡುವುದೂ ಶಿವಪೂಜೆಯೇ.