ಜಾಮೀನು ಯಾರದು? ಮಹಿಳಾ ಉದ್ಯಮ ಮತ್ತು ಸಾಲದ ಚರಿತ್ರೆ

ಭಾರತದ ಮಹಿಳಾ ಉದ್ಯಮಿಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಂಪನಿ ಕಟ್ಟಿದವರ ಹೆಸರುಗಳಿಂದ ಶುರುಮಾಡುತ್ತಾರೆ. ಬಂಡವಾಳ ಎಲ್ಲಿಂದ ಬಂತು, ಜಾಮೀನು ಯಾರು ಹಾಕಿದರು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಅಪರೂಪ. ಆ ಪ್ರಶ್ನೆ ಹಿಡಿದು ಹೊರಟರೆ ಮೊದಲು ನಿಲ್ಲಬೇಕಾದ ಜಾಗ ಅಹಮದಾಬಾದಿನ ಮಾಣೆಕ್ ಚೌಕದ ತರಕಾರಿ ಸಂತೆ.

ಅಲ್ಲಿ ಬೆಳಿಗ್ಗೆ 50 ರೂಪಾಯಿ ಕೈಸಾಲ ತಂದವಳು ಸಂಜೆ 55 ತಿರುಗಿಸಬೇಕಿತ್ತು. ದಿನಕ್ಕೆ ಶೇ. 10 ಬಡ್ಡಿ! ಪಾತ್ರೆ ಕೊಟ್ಟು ಹಳೆ ಬಟ್ಟೆ ಕೊಳ್ಳುವವರು, ಜವಳಿ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುವವರು, ಕೈಗಾಡಿ ಎಳೆಯುವವರು ಎಲ್ಲರೂ ಹೀಗೆಯೇ ಲೇವಾದೇವಿಗಾರರ ಹಿಡಿತದಲ್ಲಿದ್ದರು. ಜವಳಿ ಕಾರ್ಮಿಕ ಸಂಘದ ಮಹಿಳಾ ವಿಭಾಗದಲ್ಲಿದ್ದ ವಕೀಲೆ ಇಳಾ ಭಟ್ 1972ರಲ್ಲಿ ಇವರನ್ನು ಸೇರಿಸಿ ‘ಸೇವಾ’ ಸಂಘ ಕಟ್ಟಿದರು. ಮಾಲೀಕನೇ ಇಲ್ಲದ ಮೇಲೆ ಕಾರ್ಮಿಕ ಸಂಘ ಯಾವ ಲೆಕ್ಕ ಎಂದು ನೋಂದಣಿ ಕಚೇರಿ ತಕರಾರು ತೆಗೆದಿತ್ತು.

ಬ್ಯಾಂಕುಗಳು 1969ರಲ್ಲಿ ರಾಷ್ಟ್ರೀಕರಣಗೊಂಡಿದ್ದವು. ಬಡವರಿಗೆ ಸಾಲ ಕೊಡಬೇಕೆಂಬ ಧೋರಣೆಯೂ ಇತ್ತು. ಆದರೆ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಕೌಂಟರಿನ ಮುಂದೆ ನಿಂತವಳ ಜೊತೆ ವ್ಯವಹರಿಸುವುದು ಗುಮಾಸ್ತರಿಗೆ ರೂಢಿಯಿರಲಿಲ್ಲ. ಅವಳು ಬಿಡುವಾಗಿ ಬರುವ ಹೊತ್ತಿಗೆ ಬ್ಯಾಂಕಿನ ಬಾಗಿಲೇ ಮುಚ್ಚಿರುತ್ತಿತ್ತು. ಸಂಘದ ಸದಸ್ಯೆಯರು ಕೊನೆಗೆ ತಮ್ಮದೇ ಬ್ಯಾಂಕು ಬೇಕೆಂದರು. ತಲಾ 10 ರೂಪಾಯಿಯಂತೆ ಸುಮಾರು 4,000 ಮಂದಿ ಷೇರು ಹಣ ಹಾಕಿದರು. 1974ರಲ್ಲಿ ಸಹಕಾರಿ ಬ್ಯಾಂಕು ನೋಂದಣಿಯಾಯಿತು. ಅದಕ್ಕೂ ಮುನ್ನ, ಸಹಿ ಹಾಕಲು ಬಾರದವರು ಬ್ಯಾಂಕು ಹೇಗೆ ನಡೆಸುತ್ತಾರೆ ಎಂಬ ಆಕ್ಷೇಪ ಎದ್ದಾಗ ಪ್ರವರ್ತಕಿಯರು ರಾತ್ರಿಯಿಡೀ ಕೂತು ತಮ್ಮ ಹೆಸರು ಬರೆಯುವುದನ್ನು ಕಲಿತರು.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಬ್ಯಾಂಕಿನ ಒಳಗಿನ ಏರ್ಪಾಡು. ಗ್ರಾಹಕಿ ಖಾತೆ ಸಂಖ್ಯೆ ಬರೆದ ಸ್ಲೇಟನ್ನು ಎದೆಯ ಮುಂದೆ ಹಿಡಿದು ಕೂರಬೇಕಿತ್ತು. ಹಾಗೆ ತೆಗೆದ ಫೋಟೋವನ್ನು ಪಾಸ್‌ಬುಕ್ಕಿಗೆ ಅಂಟಿಸುತ್ತಿದ್ದರು. ಅದೇ ಅವಳ ಗುರುತಾಗಿತ್ತು. ಮನೆಯಲ್ಲಿಟ್ಟರೆ ಗಂಡನ ಕೈಗೆ ಸಿಕ್ಕೀತೆಂದು ಪಾಸ್‌ಬುಕ್ಕನ್ನು ಬ್ಯಾಂಕಿನಲ್ಲೇ ಬಿಟ್ಟುಹೋದವರಿದ್ದರು. ಅಡಮಾನಕ್ಕೆ ಬದಲು ಉಳಿತಾಯದ ಶಿಸ್ತನ್ನು ನೋಡಿ ಸಾಲ ಕೊಡುವ ಪದ್ಧತಿ ಬಂತು. ಗಿರವಿ ಅಂಗಡಿಯಲ್ಲಿದ್ದ ಒಡವೆ ಬಿಡಿಸಿಕೊಳ್ಳಲೂ ಸಾಲ ಸಿಕ್ಕಿತು.

ಇದು ಬಡವರ ಪಾಡು ಮಾತ್ರ ಎನ್ನುವವರು 1978ರ ಬೆಂಗಳೂರನ್ನು ನೋಡಬೇಕು. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರ ಓದಿ ಬಂದಿದ್ದ ಕಿರಣ್ ಮಜುಂದಾರ್ ಅವರಿಗೆ ಇಲ್ಲಿನ ಬಿಯರ್ ಕಾರ್ಖಾನೆಗಳು ಹೆಣ್ಣೆಂಬ ಕಾರಣಕ್ಕೆ ಕೆಲಸ ಕೊಡಲಿಲ್ಲ. ಅವರು ಬಾಡಿಗೆ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ, ಪಪ್ಪಾಯಿಯಿಂದ ಕಿಣ್ವ ತೆಗೆಯುವ ಬಯೋಕಾನ್ ಆರಂಭಿಸಿದರು. ಸಾಲಕ್ಕೆ ಹೋದಾಗ ತಂದೆಯ ಜಾಮೀನು ಕೇಳಿದವರಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಓದು, ಇಂಗ್ಲಿಷು, ವಿದೇಶಿ ಪಾಲುದಾರರು ಎಲ್ಲ ಇದ್ದರೂ ಗಂಡಸಿನ ಸಹಿ ಕೇಳಿದರು.

ಕರ್ನಾಟಕದ ಹಳ್ಳಿಗಳಲ್ಲಿ ಈ ಜಾಮೀನಿನ ಗಂಟು ಬಿಚ್ಚಿದ್ದು ಬೇರೆ ರೀತಿಯಲ್ಲಿ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಊರುಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು, 1980ರ ದಶಕದ ನಡುವೆ ಸಣ್ಣ ಗುಂಪುಗಳಾದವು. 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಈ ಗುಂಪುಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಬಂತು. ಒಬ್ಬಳ ಸಾಲಕ್ಕೆ ಉಳಿದವರೇ ಹೊಣೆ. ಹಪ್ಪಳ, ಹಸು, ಹೊಲಿಗೆ ಯಂತ್ರದ ಮಟ್ಟಿಗೆ ಇದು ಸಾಕಾಯಿತು, ಕಾರ್ಖಾನೆಗೆ ಸಾಲಲಿಲ್ಲ. ಅಲ್ಲಿ ಮತ್ತೆ ಆಸ್ತಿಪತ್ರವೇ ಬೇಕಿತ್ತು.

ಆಸ್ತಿಯ ಕಾನೂನು ಬಹಳ ತಡವಾಗಿ ಬದಲಾಯಿತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತು. ಅವರಿಗೂ ಹಕ್ಕು ಸಿಗಲು 2005ರ ಕೇಂದ್ರ ತಿದ್ದುಪಡಿ ಬರಬೇಕಾಯಿತು. ಅಷ್ಟು ಹೊತ್ತಿಗೆ ಬಯೋಕಾನ್ ಷೇರುಪೇಟೆಗೆ ಬಂದು ಒಂದು ವರ್ಷ ದಾಟಿತ್ತು.