ಕ್ಲಾಕ್ ಯಾರ ಕೈಯಲ್ಲಿ? ಎಸ್‌ಪಿಡಿಐಎಫ್ ಸಂಪರ್ಕ ಮತ್ತು ಜಿಟ್ಟರ್ ಚರ್ಚೆಯ ಚರಿತ್ರೆ

1982ರ ಅಕ್ಟೋಬರ್‌ನಲ್ಲಿ ಸೋನಿಯ ಸಿಡಿಪಿ-101 ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ ಸಿಡಿ ಓದುವ ಯಂತ್ರ, ಅಂಕಿಗಳನ್ನು ಧ್ವನಿಸಂಕೇತವಾಗಿಸುವ ಡಿಎಸಿ, ಇವೆರಡನ್ನೂ ನಡೆಸುವ ಸ್ಫಟಿಕದ ಕ್ಲಾಕ್ ಎಲ್ಲವೂ ಒಂದೇ ಪೆಟ್ಟಿಗೆಯೊಳಗಿದ್ದವು. ಸೆಕೆಂಡಿಗೆ 44,100 ಸ್ಯಾಂಪಲ್‌ಗಳು ಸಮ ಅಂತರದಲ್ಲಿ ಹೊರಬೀಳಬೇಕು; ಆ ಅಂತರದಲ್ಲಿ ಆಗುವ ಸಣ್ಣ ಏರುಪೇರಿಗೆ ಜಿಟ್ಟರ್ ಎಂದು ಹೆಸರು. ದಶಕ ಮುಗಿಯುವ ಹೊತ್ತಿಗೆ ಹೈಫೈ ತಯಾರಕರು ಸಿಡಿ ಓದುವ ಭಾಗವಾದ ಟ್ರಾನ್ಸ್‌ಪೋರ್ಟನ್ನೂ ಡಿಎಸಿಯನ್ನೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಮಾರತೊಡಗಿದರು. ಆಗ ಕ್ಲಾಕ್ ಟ್ರಾನ್ಸ್‌ಪೋರ್ಟಿನ ಕಡೆಗೇ ಉಳಿದುಕೊಂಡಿತು. ಮುಂದೆ ಎರಡು ದಶಕ ನಡೆದ ಜಿಟ್ಟರ್ ಚರ್ಚೆಯ ಮೂಲ ಕೇಬಲ್‌ನ ಗುಣಮಟ್ಟಕ್ಕಿಂತ ಹೆಚ್ಚಾಗಿ ಈ ಹಂಚಿಕೆಯಲ್ಲಿದೆ ಎಂಬುದು ಈ ಲೇಖನದ ವಾದ.

ಎರಡು ಪೆಟ್ಟಿಗೆಗಳ ನಡುವಿನ ಸಂಪರ್ಕದ ಸ್ವರೂಪ ಹೊಸದೇನಲ್ಲ. ಸ್ಟುಡಿಯೊಗಳಿಗಾಗಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿ 1985ರಲ್ಲಿ ಎಇಎಸ್3 ಮಾನದಂಡ ಪ್ರಕಟಿಸಿತು. ಸೋನಿ ಮತ್ತು ಫಿಲಿಪ್ಸ್‌ನ ಮನೆಬಳಕೆಯ ರೂಪ ಎಸ್‌ಪಿಡಿಐಎಫ್. 1989ರ ಐಇಸಿ 958 ಮಾನದಂಡದಲ್ಲಿ ಅದಕ್ಕೂ ಜಾಗ ಸಿಕ್ಕಿತು. ಪ್ರತಿ ಸ್ಯಾಂಪಲ್‌ಗೆ 32 ಬಿಟ್, ಎರಡು ಚಾನೆಲ್‌ಗೆ 64, ಹೀಗೆ ಸಿಡಿಯ ವೇಗದಲ್ಲಿ ಸೆಕೆಂಡಿಗೆ 28,22,400 ಬಿಟ್‌ಗಳು 75 ಓಮ್‌ನ ಒಂದೇ ಕೇಬಲ್‌ನಲ್ಲಿ ಸಾಗುತ್ತವೆ. ಕ್ಲಾಕ್‌ಗೆಂದು ಪ್ರತ್ಯೇಕ ತಂತಿ ಇಲ್ಲ. ಪ್ರತಿ ಬಿಟ್‌ನ ಆರಂಭದಲ್ಲಿ ವೋಲ್ಟೇಜ್ ಒಮ್ಮೆ ಮಗುಚುತ್ತದೆ. ಬಿಟ್ 1 ಆಗಿದ್ದರೆ ನಡುವೆ ಇನ್ನೊಮ್ಮೆ ಮಗುಚುತ್ತದೆ. ಸ್ವೀಕರಿಸುವ ತುದಿಯ ಪಿಎಲ್‌ಎಲ್ ಮಂಡಲ ಈ ಮಗುಚುಗಳನ್ನೇ ಹಿಂಬಾಲಿಸಿ ಕ್ಲಾಕನ್ನು ಮರಳಿ ಕಟ್ಟುತ್ತದೆ. ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್‌ನ ಪ್ಲಾಸ್ಟಿಕ್ ಎಳೆಯಲ್ಲಿ ಕೆಂಪು ಬೆಳಕಾಗಿ ಹರಿಯುವುದೂ ಇದೇ ಸಂಕೇತ.

ಒಂದು ರೆಕಾರ್ಡರ್‌ನಿಂದ ಇನ್ನೊಂದಕ್ಕೆ ನಕಲು ಮಾಡಲು ಈ ವ್ಯವಸ್ಥೆ ಧಾರಾಳವಾಗಿ ಸಾಕು. ಟೇಪಿನಲ್ಲಿ ಉಳಿಯುವುದು ಅಂಕಿ ಮಾತ್ರ. ಕೇಬಲ್‌ನಲ್ಲಿ ಆದ ಕಾಲದ ಏರುಪೇರು ಅಲ್ಲಿಗೇ ಮುಗಿಯುತ್ತದೆ, ಮರಳಿ ನುಡಿಸುವಾಗ ಆ ಯಂತ್ರದ ಸ್ವಂತ ಸ್ಫಟಿಕ ಕೆಲಸ ಮಾಡುತ್ತದೆ. ಡಿಎಸಿಯ ಸಂಗತಿ ಬೇರೆ. ಅಲ್ಲಿ ಕೇಬಲ್‌ನಿಂದ ಹೆಕ್ಕಿದ ಕ್ಲಾಕೇ ಧ್ವನಿ ಹೊರಬೀಳುವ ಕ್ಷಣವನ್ನು ನಿರ್ಧರಿಸುತ್ತದೆ. ಒಂದು ಬಿಟ್ ಕೂಡ ತಪ್ಪದೆ ಬಂದರೂ ಧ್ವನಿ ಕೆಡಲು ಸಾಧ್ಯವಾಗುವುದು ಹೀಗೆ.

ಇದನ್ನು ಗಣಿತದ ಮಟ್ಟದಲ್ಲಿ ಬಿಡಿಸಿಟ್ಟ ಪ್ರಬಂಧ 1992ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಸ್ಯಾನ್ ಫ್ರಾನ್ಸಿಸ್ಕೊ ಸಮಾವೇಶದಲ್ಲಿ ಮಂಡನೆಯಾಯಿತು. ಕ್ರಿಸ್ ಡನ್ ಮತ್ತು ಎಸೆಕ್ಸ್ ವಿಶ್ವವಿದ್ಯಾಲಯದ ಮಾಲ್ಕಮ್ ಹಾಕ್ಸ್‌ಫರ್ಡ್, ಈ ಸಂಪರ್ಕವೇ ದೋಷಯುಕ್ತವೇ ಎಂದು ಶೀರ್ಷಿಕೆಯಲ್ಲೇ ಕೇಳಿದ್ದರು. ಅವರ ತರ್ಕ ನಿಜಕ್ಕೂ ಸೊಗಸಾದದ್ದು. ಸಂಪರ್ಕದ ಬ್ಯಾಂಡ್‌ವಿಡ್ತ್ ಸೀಮಿತವಾಗಿದ್ದರೆ ಸಂಕೇತದ ಅಂಚುಗಳು ಮೊಂಡಾಗುತ್ತವೆ. ಆಗ ಒಂದು ಅಂಚು ಶೂನ್ಯ ರೇಖೆಯನ್ನು ದಾಟುವ ಹೊತ್ತು ಅದರ ಹಿಂದಿನ ಬಿಟ್‌ಗಳನ್ನು ಅವಲಂಬಿಸುತ್ತದೆ. ಸಂಗೀತ ತೀರಾ ಮೆಲುವಾದಾಗ ಸ್ಯಾಂಪಲ್‌ಗಳು ಶೂನ್ಯದ ಆಚೀಚೆ ಓಡಾಡುತ್ತವೆ. ಶೂನ್ಯ ಎಂದರೆ ಎಲ್ಲ ಬಿಟ್‌ಗಳೂ 0, ಋಣ ಒಂದು ಎಂದರೆ ಎಲ್ಲವೂ 1. ಧ್ವನಿಯಲ್ಲಿ ಒಂದು ಮೆಟ್ಟಿಲಷ್ಟೇ ವ್ಯತ್ಯಾಸ, ಕೇಬಲ್‌ನಲ್ಲಿ ಇಡೀ ವಿನ್ಯಾಸವೇ ತಿರುವುಮುರುವು. ಹೀಗಾಗಿ ಕ್ಲಾಕ್‌ನ ಅಲುಗಾಟ ಸಂಗೀತವನ್ನೇ ಹಿಂಬಾಲಿಸುತ್ತದೆ.

ಪ್ರಿಸಮ್ ಸೌಂಡ್ ಸಂಸ್ಥೆಯ ಜೂಲಿಯನ್ ಡನ್ (ಇವರು ಬೇರೆ ಡನ್) ಈ ದೌರ್ಬಲ್ಯವನ್ನೇ ಪರೀಕ್ಷೆಯ ಸಾಧನವಾಗಿಸಿದರು. ಇಯಾನ್ ಡೆನಿಸ್ ಜೊತೆ 1994ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಂಡಿಸಿದ ಅವರ ಪ್ರಬಂಧಕ್ಕೆ ಸೇರಿದ ಜೆ-ಟೆಸ್ಟ್ ಸಂಕೇತದಲ್ಲಿ ಸ್ಯಾಂಪಲ್ ವೇಗದ ಕಾಲುಭಾಗದ ಸ್ವರವೊಂದಿರುತ್ತದೆ. ಕಡೆಯ ಬಿಟ್ ಸ್ಯಾಂಪಲ್ ವೇಗದ 192ನೇ ಒಂದು ಭಾಗದಲ್ಲಿ ಮಗುಚುತ್ತಾ ಉಳಿದ ಬಹುತೇಕ ಬಿಟ್‌ಗಳನ್ನೂ ಮಗುಚಿಸುತ್ತದೆ. ಸಿಡಿಯ ವೇಗದಲ್ಲಿ ಸ್ವರ 11,025 ಹರ್ಟ್ಸ್, ಅಲುಗಾಟ ಸುಮಾರು 229.7 ಹರ್ಟ್ಸ್. ಸಂಪರ್ಕ ಕ್ಲಾಕನ್ನು ಕದಡುತ್ತಿದ್ದರೆ ಆವರ್ತನ ನಕ್ಷೆಯಲ್ಲಿ ಸ್ವರದ ಎರಡೂ ಪಕ್ಕಗಳಲ್ಲಿ ಅಷ್ಟಷ್ಟೇ ಅಂತರಕ್ಕೆ ಕಡ್ಡಿಗಳು ಏಳುತ್ತವೆ. ಮಾತಿನ ಜಗಳ ಅಳತೆಯ ವಿಷಯವಾದದ್ದು ಇಲ್ಲಿಂದ.

ಎಷ್ಟು ಜಿಟ್ಟರ್ ಕಿವಿಗೆ ತಿಳಿಯುತ್ತದೆ? ಲೆಕ್ಕದ ಪ್ರಕಾರ 20 ಕಿಲೊಹರ್ಟ್ಸ್‌ನ ಪೂರ್ಣಪ್ರಮಾಣದ ಸ್ವರದಲ್ಲಿ ತಪ್ಪು 16 ಬಿಟ್‌ನ ಅರ್ಧ ಮೆಟ್ಟಿಲಿಗಿಂತ ಕಡಿಮೆ ಇರಬೇಕಾದರೆ ಜಿಟ್ಟರ್ ಸುಮಾರು 121 ಪಿಕೊಸೆಕೆಂಡ್ ಮೀರಬಾರದು. ಜಾಹೀರಾತುಗಳಿಗೆ ಬಲು ಅನುಕೂಲವಾದ ಅಂಕಿ ಇದು. ಆದರೆ ಯಾವ ಸಂಗೀತವೂ ಅಂಥ ಸ್ವರವಲ್ಲ. ಎರಿಕ್ ಬೆಂಜಮಿನ್ ಮತ್ತು ಬೆಂಜಮಿನ್ ಗ್ಯಾನನ್ 1998ರಲ್ಲಿ ವರದಿ ಮಾಡಿದ ಆಲಿಸುವಿಕೆ ಪ್ರಯೋಗಗಳಲ್ಲಿ ಸಂಗೀತದ ಮಿತಿ ಸುಮಾರು 20 ನ್ಯಾನೊಸೆಕೆಂಡಿನಿಂದ ಮೇಲಿತ್ತು. ಜಪಾನಿನಲ್ಲಿ ಅಶಿಹಾರ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಳಗಿದ ಕೇಳುಗರಿಗೂ ಯಾದೃಚ್ಛಿಕ ಜಿಟ್ಟರ್ ಗೊತ್ತಾಗಲು ನೂರಾರು ನ್ಯಾನೊಸೆಕೆಂಡ್ ಬೇಕಾಯಿತು. ಡನ್–ಹಾಕ್ಸ್‌ಫರ್ಡ್ ತೋರಿಸಿದ ದೋಷ ನಿಜ. ಅದರ ಹೆಸರಿನಲ್ಲಿ ದುಬಾರಿ ಕೇಬಲ್ ಮಾರಿದವರ ಮಾತಿಗೆ ಈ ಪ್ರಯೋಗಗಳಲ್ಲಿ ಆಧಾರ ಸಿಗುವುದಿಲ್ಲ.

ಪರಿಹಾರ ಸಿಕ್ಕಿದ್ದು ಕ್ಲಾಕನ್ನು ಡಿಎಸಿಯ ಕಡೆಗೆ ಮರಳಿಸುವುದರಲ್ಲಿ. ಸ್ಕಾಟ್ಲೆಂಡಿನ ಲಿನ್ ಸಂಸ್ಥೆಯ ಕಾರಿಕ್–ನ್ಯೂಮರಿಕ್ ಜೋಡಿಯಲ್ಲಿ ಇನ್ನೊಂದು ಕೇಬಲ್ ಡಿಎಸಿಯ ಕ್ಲಾಕನ್ನು ಟ್ರಾನ್ಸ್‌ಪೋರ್ಟಿಗೆ ಒಯ್ಯುತ್ತಿತ್ತು; ಆದರೆ ಒಂದೇ ಕಂಪನಿಯ ಎರಡೂ ಪೆಟ್ಟಿಗೆ ಕೊಳ್ಳಬೇಕಿತ್ತು. ಕಂಪ್ಯೂಟರ್ ಸಂಗೀತದ ಮೂಲವಾದಾಗ ಅಡಾಪ್ಟಿವ್ ಯುಎಸ್‌ಬಿ ಹಳೆಯ ತಪ್ಪನ್ನೇ ಮರುಕಳಿಸಿ, ಡಿಎಸಿಯನ್ನು ಕಂಪ್ಯೂಟರಿನ ಹೆಜ್ಜೆಗೆ ಕಟ್ಟಿಹಾಕಿತು. ವೇವ್‌ಲೆಂತ್ ಆಡಿಯೊದ ಗಾರ್ಡನ್ ರ‍್ಯಾಂಕಿನ್ ಅವರಂಥವರು ಹೈಫೈಗೆ ತಂದ ಅಸಿಂಕ್ರನಸ್ ಯುಎಸ್‌ಬಿ ಈ ಸಂಬಂಧವನ್ನು ತಿರುಗಿಸಿತು: ಡಿಎಸಿಯ ಸ್ಫಟಿಕವೇ ಯಜಮಾನ, ಇನ್ನಷ್ಟು ಕಳಿಸು ಅಥವಾ ಕಡಿಮೆ ಮಾಡು ಎಂದು ಅದು ಕಂಪ್ಯೂಟರಿಗೆ ಹೇಳುತ್ತದೆ. ಟಿವಿಯ ಮಟ್ಟಿಗೆ ಮಾತ್ರ ಹಳೆಯ ಹಂಚಿಕೆ ಬದಲಾಗಿಲ್ಲ. ಟಿವಿಯಿಂದ ಸೌಂಡ್‌ಬಾರ್‌ಗೆ ಎಚ್‌ಡಿಎಂಐ ಕೇಬಲ್‌ನ ಎಆರ್‌ಸಿ ಹಾದಿಯಲ್ಲಿ ಹೋಗುವುದೂ ಐಇಸಿ 60958, ಅಂದರೆ 958ರದ್ದೇ ಮುಂದಿನ ಆವೃತ್ತಿಯ ಸಂಕೇತ. ಅಲ್ಲಿ ಕ್ಲಾಕ್ ಟಿವಿಯದು.