ಅಂಚೆಯ ಪಾಠ, ಅಂತರ್ಜಾಲದ ಪಾಠ

2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ದೆಸೆಯಿಂದ ಕಾಲೇಜುಗಳ ಬಾಗಿಲು ಮುಚ್ಚಿದುವು. ಕೆಲವು ವಾರಗಳ ಮೇಲೆ ನಾನು ಕುವೆಂಪುನಗರದ ನಮ್ಮ ಮನೆಯ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು, ಎದುರಿಗಿದ್ದ ಮೊಬೈಲ್ ಫೋನಿಗೆ ಹಳಗನ್ನಡ ಕಾವ್ಯದ ಪಾಠ ಹೇಳತೊಡಗಿದೆ. ಅರುವತ್ತು ಹೆಸರುಗಳು ಕಾಣುತ್ತಿದ್ದುವು. ಮುಖ ಒಂದೂ ಇಲ್ಲ. ತರಗತಿಯಲ್ಲಾದರೆ ಹುಡುಗರ ಹುಬ್ಬು ಗಂಟಿಕ್ಕಿದ್ದನ್ನು ಕಂಡು ಪದ್ಯದ ಅನ್ವಯವನ್ನು ಮತ್ತೊಮ್ಮೆ ಹೇಳುತ್ತೇವೆ. ಇಲ್ಲಿ “ಅರ್ಥವಾಯಿತೇ?” ಎಂದರೆ ಮೌನವೇ ಉತ್ತರ. ಇಂಥ ಪಾಠ ಹಿಂದೆಂದೂ ಇರಲಿಲ್ಲವೆಂದು ನಾವು ಅಧ್ಯಾಪಕರೆಲ್ಲ ಅಂದುಕೊಂಡೆವು. ಮೈಸೂರಿನ ಮಟ್ಟಿಗಂತೂ ಆ ಮಾತು ಪೂರ್ತಿ ನಿಜವಲ್ಲ.

1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ಸ್ವಾತಂತ್ರ್ಯಕ್ಕೆ ಮುಂಚೆಯೇ ಪ್ರಚಾರೋಪನ್ಯಾಸಗಳ ಮೂಲಕ ತನ್ನ ವಿದ್ಯೆಯನ್ನು ಊರೂರಿಗೆ ಕೊಂಡೊಯ್ದಿತು. ಆ ಉಪನ್ಯಾಸಗಳು ಕಿರುಹೊತ್ತಗೆಗಳಾಗಿಯೂ ಕನ್ನಡಿಗರ ಕೈ ಸೇರಿದುವು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 30 ವ್ಯಾಟ್ ಶಕ್ತಿಯ ಪುಟ್ಟ ಪ್ರಸಾರ ಯಂತ್ರವನ್ನು ಹೂಡಿ, ತಮ್ಮ ಮನೆಯಿಂದಲೇ ಬಾನುಲಿ ನಿಲಯ ನಡೆಸಿದರು. ಅದಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ದೇಶದ ಬಾನುಲಿಯೂ ಧರಿಸಿತು. ಅಧ್ಯಾಪಕನೊಬ್ಬನ ಮನೆಯಿಂದ ಕಾಣದ ಕೇಳುಗರಿಗೆ ಮಾತು ಹೊರಟದ್ದು ಈ ಊರಿನಲ್ಲಿ ಅದೇ ಮೊದಲು.

ಪದವಿಯ ಪಾಠ ದೂರ ಹೊರಟದ್ದು ಅಂಚೆಯ ಚೀಲದಲ್ಲಿ. 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ ಆರಂಭಿಸಿದ ಅಂಚೆ ಶಿಕ್ಷಣವನ್ನು 1969ರಲ್ಲಿ ಮೈಸೂರು ಕೈಗೊಂಡಿತು. ಅಚ್ಚಾದ ಪಾಠಗಳು ಮನೆಗೆ ಬರುತ್ತಿದ್ದುವು. ವಿದ್ಯಾರ್ಥಿ ಉತ್ತರ ಬರೆದು ಕಳುಹಿಸಬೇಕು. ರಜೆಯಲ್ಲಿ ಸಂಪರ್ಕ ತರಗತಿಗೆ ಬರಬೇಕು. ಶಾಲಾ ಉಪಾಧ್ಯಾಯರು, ಗುಮಾಸ್ತರು, ಮದುವೆಯಾಗಿ ಓದು ನಿಂತಿದ್ದ ಹೆಣ್ಣುಮಕ್ಕಳು ಹೀಗೆ ಪದವೀಧರರಾದರು. ಈ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮಾನಸಗಂಗೋತ್ರಿಯ ನೆರೆಯಲ್ಲಿ ಮುಕ್ತಗಂಗೋತ್ರಿ ಎದ್ದಿತು.

ನಮ್ಮ ಬೀದಿಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಉಪಾಧ್ಯಾಯರೊಬ್ಬರಿದ್ದಾರೆ. ಅಂಚೆಯ ಮೂಲಕವೇ ಬಿ.ಎ. ಮುಗಿಸಿದವರು. ನನ್ನ ಹೊಸ ಪಾಠದ ಪಾಡನ್ನು ಕೇಳಿ ಅವರು ಒಳಗಿನಿಂದ ಹಳದಿಗಟ್ಟಿದ ಉತ್ತರದ ಹಾಳೆಯೊಂದನ್ನು ತಂದು ತೋರಿಸಿದರು. ಅಂಚಿನಲ್ಲಿ ಕೆಂಪು ಶಾಯಿಯ ಎರಡು ಸಾಲು. “ಬರೆದವರ ಮುಖ ನಾನು ನೋಡಿಲ್ಲ, ಮೇಷ್ಟ್ರೇ. ಆದರೆ ಈ ಎರಡು ಸಾಲಿಗಾಗಿ ಅಂಚೆಯವನ ದಾರಿ ಕಾಯುತ್ತಿದ್ದೆ” ಎಂದರು.

ಆ ವಾರವೇ ಹೆಗ್ಗಡದೇವನಕೋಟೆ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ನನಗೆ ಫೋನು ಮಾಡಿದ್ದಳು. ಮನೆಗೆಲ್ಲ ಒಂದೇ ಫೋನು. ಅಣ್ಣ ಕೆಲಸಕ್ಕೆ ಹೊರಟರೆ ಅವಳ ಪಾಠವೂ ಅವನ ಜೇಬಿನಲ್ಲಿ ಹೊರಟುಹೋಗುತ್ತಿತ್ತು. ಫೋನು ಸಿಕ್ಕ ದಿನವೂ ಹೊಲದ ಬದುವಿಗೆ ಹೋದರೆ ಮಾತ್ರ ನೆಟ್‌ವರ್ಕ್. ನಾನು ಅವಳ ಹೆಸರಿನ ಮುಂದೆ ಹದಿನಾಲ್ಕು ದಿನ ಗೈರುಹಾಜರಿ ಬರೆದಿದ್ದೆ. ಅಂಚೆಯವನು ಹೋಗಬಲ್ಲ ಮನೆಗೆ ನನ್ನ ಪಾಠ ಹೋಗಲಾರದೆ ಇತ್ತು. ತಪ್ಪನ್ನು ಮಾತ್ರ ನಾನು ಅವಳ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಅಂತರ್ಜಾಲದ ಶಿಕ್ಷಣವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2017ರಲ್ಲಿ ಕೇಂದ್ರ ಸರ್ಕಾರ ತೊಡಗಿಸಿದ ‘ಸ್ವಯಂ’ ಪಾಠಗಳನ್ನು ಬೀದರಿನ ಹುಡುಗನೂ ತನಗೆ ಬಿಡುವಾದ ಹೊತ್ತಿನಲ್ಲಿ ಕೇಳಬಲ್ಲ. ಅರ್ಥವಾಗದ್ದನ್ನು ಹಿಂದೆ ತಿರುಗಿಸಿ ಮತ್ತೆ ಕೇಳಬಲ್ಲ. ನನ್ನ ತರಗತಿಯಲ್ಲಿ ಆ ಸೌಕರ್ಯವಿಲ್ಲ. ಆದರೆ ಮಾತನ್ನು ದೂರ ಮುಟ್ಟಿಸುವುದು ಕೆಲಸದ ಒಂದು ಪಾಲು. ಆ ದೂರದಿಂದ ಬಂದ ಉತ್ತರವನ್ನು ಓದಿ ಮರಳಿಸುವುದು ಇನ್ನೊಂದು ಪಾಲು. ಅಂಚೆಯ ಕಾಲದವರು ನಿಧಾನವಾಗಿಯಾದರೂ ಎರಡನ್ನೂ ಮಾಡಿದರು. ನಾವು ಮೊದಲನೆಯದರ ವೇಗಕ್ಕೆ ಬೆರಗಾಗಿ ಎರಡನೆಯದನ್ನು ಮರೆತೆವು.

ಆ ಮೇಲೆ ನಾನು ವಾರಕ್ಕೊಂದು ಪ್ರಶ್ನೆ ಕೊಟ್ಟು, ಫೋಟೋ ತೆಗೆದೋ ಅಂಚೆಗೆ ಹಾಕಿಯೋ ಉತ್ತರ ಕಳುಹಿಸಿರೆಂದೆ. ಹೆಚ್ಚಿನವು ಫೋನಿಗೆ ಬಂದುವು. ಒಂದು ಲಕೋಟೆ ಮಾತ್ರ ಹೆಗ್ಗಡದೇವನಕೋಟೆಯ ಮುದ್ರೆ ಹೊತ್ತು ನಮ್ಮ ಮನೆಯ ಬಾಗಿಲಿಗೆ ಬಂದಿತು. ಕಾಗುಣಿತದ ತಪ್ಪುಗಳಿದ್ದುವು, ಪದ್ಯ ಮಾತ್ರ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ತಿದ್ದಿ, ಅಂಚಿನಲ್ಲಿ ಎರಡು ಸಾಲು ಬರೆದು, ಮರುದಿನದ ಅಂಚೆಗೆ ಹಾಕಿದೆ. ಹಾಜರಿ ಪುಸ್ತಕವನ್ನೂ ತಿದ್ದಿದೆ.